ನಡುಮನೆಯ ಟಿವಿಗೆ ಬೇರೆ ದರವೇಕೆ?

ಮನೆಯಲ್ಲಿ ಐದು ಜನರಿದ್ದಾರೆ. ಒಂದು ಟಿವಿ ಇದೆ. ಕಾಲೇಜಿಗೆ ಹೋಗುವ ಹುಡುಗನ ಬಳಿ ಒಂದು ಲ್ಯಾಪ್‌ಟಾಪ್ ಇದೆ. ಎರಡನ್ನೂ ಜೋಡಿಸುವ ಎಚ್‌ಡಿಎಂಐ ಕೇಬಲ್ಲು ಅಂಗಡಿಯಲ್ಲಿ ಇನ್ನೂರು ಮುನ್ನೂರು ರೂಪಾಯಿಗೆ ಸಿಗುತ್ತದೆ. ಹಣ ಕೊಟ್ಟೇ ಪಡೆದ ಒಂದು ಸಿನಿಮಾವನ್ನು ಈ ಐದು ಜನ ಒಟ್ಟಿಗೆ ಕೂತು ನೋಡಬೇಕು. ಇದರಲ್ಲಿ ಕಷ್ಟವೇನಿದೆ? ಯಂತ್ರದಲ್ಲಿ ಯಾವ ಕಷ್ಟವೂ ಇಲ್ಲ. ಕಷ್ಟವಿರುವುದು ದರಪಟ್ಟಿಯಲ್ಲಿ. ಆ ದರಪಟ್ಟಿಯನ್ನು ನಮ್ಮ ಪತ್ರಿಕೆಗಳು ಪ್ರತಿ ಸಲವೂ ‘ಗ್ರಾಹಕರಿಗೆ ಸಿಹಿ ಸುದ್ದಿ’ ಎಂಬ ತಲೆಬರಹದಡಿ ಅಚ್ಚು ಹಾಕುತ್ತಾ ಬಂದಿವೆ. ನಮಗೆ ಅದರಲ್ಲಿ ಸಿಹಿ ಕಾಣಲಿಲ್ಲ.

ನೆಟ್‌ಫ್ಲಿಕ್ಸ್ ಕಂಪನಿ 2019ರ ಜುಲೈಯಲ್ಲಿ ಭಾರತದಲ್ಲಿ ತಿಂಗಳಿಗೆ 199 ರೂಪಾಯಿಯ ಮೊಬೈಲ್ ಯೋಜನೆಯೊಂದನ್ನು ತಂದಿತು. 2021ರ ಡಿಸೆಂಬರಿನಲ್ಲಿ ಅದನ್ನು 149 ರೂಪಾಯಿಗೆ ಇಳಿಸಿತು. ಶರತ್ತು ಇಷ್ಟೇ: ಫೋನಿನಲ್ಲಿ ಅಥವಾ ಟ್ಯಾಬ್ಲೆಟ್ಟಿನಲ್ಲಿ ನೋಡಬಹುದು, ಟಿವಿಯಲ್ಲಿ ನೋಡುವಂತಿಲ್ಲ. ಟಿವಿ ಬೇಕೆಂದರೆ 199 ರೂಪಾಯಿಯಿಂದ ಲೆಕ್ಕ ಶುರು. ಡಿಸ್ನಿ ಹಾಟ್‌ಸ್ಟಾರ್ 2021ರ ಸೆಪ್ಟೆಂಬರಿನಲ್ಲಿ ಮೊಬೈಲಿಗೆ ಮಾತ್ರವಾದರೆ ವರ್ಷಕ್ಕೆ 499, ಟಿವಿಯೂ ಸೇರಿದರೆ 899 ಎಂದು ನಿಗದಿ ಮಾಡಿತು. 2025ರ ಫೆಬ್ರವರಿಯಲ್ಲಿ ಅದು ಜಿಯೋಹಾಟ್‌ಸ್ಟಾರ್ ಆದಾಗ ಮೂರು ತಿಂಗಳಿಗೆ ಮೊಬೈಲಿಗೆ 149, ಟಿವಿಯಲ್ಲೂ ನೋಡಬೇಕಾದರೆ 299. ಅಮೆಝಾನ್ 2022ರ ನವೆಂಬರಿನಲ್ಲಿ ವರ್ಷಕ್ಕೆ 599 ರೂಪಾಯಿಯ ಮೊಬೈಲ್ ಆವೃತ್ತಿ ತಂದಿತು. ಅದೂ ಒಬ್ಬರಿಗೆ, ಒಂದು ಫೋನಿಗೆ. ಇನ್ನು ಪೂರ್ತಿ ಹಣ ಕೊಟ್ಟ ಪ್ರೈಮ್ ಚಂದಾದಾರರಿಗೂ 2025ರ ಜನವರಿಯಿಂದ ಒಟ್ಟು ಐದು ಸಾಧನ, ಅವುಗಳಲ್ಲಿ ಟಿವಿ ಎರಡೇ ಎಂಬ ಕಟ್ಟಳೆ ಬಂತು. ಅದೇ ವರ್ಷದ ಜೂನಿನಿಂದ ಅವರಿಗೆ ಸಿನಿಮಾದ ನಡುವೆ ಜಾಹೀರಾತೂ ಬರತೊಡಗಿತು. ಜಾಹೀರಾತು ಬೇಡವೆಂದರೆ ಮತ್ತೆ ಹಣ.

ಐವತ್ತು ರೂಪಾಯಿಗೆ, ನೂರೈವತ್ತು ರೂಪಾಯಿಗೆ ಇಷ್ಟು ಗದ್ದಲವೇ ಎಂದು ಬೆಂಗಳೂರಿನ ಸ್ನೇಹಿತರು ನಗುತ್ತಾರೆ. ನಗಲಿ. ಅವರ ನಗುವಿಗೆ ನಮ್ಮ ಉತ್ತರ ಒಂದು ಪ್ರಶ್ನೆ: ಈ ಹೆಚ್ಚುವರಿ ಹಣ ಯಾತಕ್ಕೆ? ದೊಡ್ಡ ಪರದೆಗೆ ಹೆಚ್ಚು ಸ್ಪಷ್ಟವಾದ ಚಿತ್ರ ಕಳಿಸಬೇಕು, ಅದಕ್ಕೆ ಖರ್ಚು ಜಾಸ್ತಿ ಎಂದು ಕಂಪನಿಯ ಪರವಾಗಿ ಹೇಳಬಹುದು. ಸ್ಪಷ್ಟತೆಗೆ ದರ ಹಾಕಿದರೆ ನಮ್ಮ ತಕರಾರಿಲ್ಲ, ಅದು ವ್ಯಾಪಾರ. ಆದರೆ ಕೇಬಲ್ ಹಾಕಿದಾಗ ಆಗುವುದೇ ಬೇರೆ. ಫೋನಿಗೋ ಕಂಪ್ಯೂಟರಿಗೋ ಬಂದಾಗಿರುವ ಚಿತ್ರವೇ ಎರಡು ಮೀಟರ್ ಕೇಬಲ್ಲಿನಲ್ಲಿ ಟಿವಿಗೆ ಹೋಗುತ್ತದೆ. ಕಂಪನಿಯ ಒಂದು ಪೈಸೆಯೂ ಅಲ್ಲಿ ಖರ್ಚಾಗುವುದಿಲ್ಲ. ನೀರು ಮಾರುವವನು ಬಿಂದಿಗೆ ತುಂಬಿಸಿ ದುಡ್ಡು ಎಣಿಸಿಕೊಂಡು, ನಂತರ ಮನೆಯೊಳಗೆ ಬಂದು ‘ನೀನೊಬ್ಬನೇ ಕುಡಿಯುವುದಾದರೆ ಈ ದರ, ಹೆಂಡತಿ ಮಕ್ಕಳಿಗೂ ಕೊಡುವುದಾದರೆ ಬೇರೆ ದರ’ ಎಂದರೆ ನಾವು ಏನನ್ನುತ್ತೇವೆ? ಇಲ್ಲಿ ನಡೆಯುತ್ತಿರುವುದು ಅದೇ. ದರ ಹಾಕಿರುವುದು ಚಿತ್ರಕ್ಕಲ್ಲ, ಒಟ್ಟಿಗೆ ಕೂರುವುದಕ್ಕೆ.

ಬಡವರಿಗೆ ಅಗ್ಗವಾಗಿ ಕೊಟ್ಟರೆ ಅದಕ್ಕೂ ಆಕ್ಷೇಪವೇ ಎಂದು ಕೇಳುವವರಿದ್ದಾರೆ. ಹೌದು, ಆಕ್ಷೇಪವೇ. ಒಂದು ಕೋಣೆ, ಒಂದು ಅಡುಗೆಮನೆಯಲ್ಲಿ ಬದುಕುವವರಿಗೆ ಒಬ್ಬೊಬ್ಬರಾಗಿ ನೋಡುವ ಯೋಜನೆ. ಮನೆಯಲ್ಲಿ ಒಬ್ಬೊಬ್ಬರಿಗೂ ಬೇರೆ ಬೇರೆ ಕೋಣೆಯಿರುವ ಉಳ್ಳವರಿಗೆ ಒಟ್ಟಿಗೆ ನೋಡುವ ಯೋಜನೆ! ಈ ತಮಾಷೆ ಯಾರ ಕಣ್ಣಿಗೂ ಬೀಳಲಿಲ್ಲವಲ್ಲ ಎಂಬುದೇ ನಮಗೆ ಆಶ್ಚರ್ಯ.

ಉರಿಗಾಂನವರಾದ ನಮಗೆ ಇದು ಬರೀ ದುಡ್ಡಿನ ವಿಷಯವಲ್ಲ. ಚಿನ್ನದ ಗಣಿಯ ಈ ಊರುಗಳಲ್ಲಿ, ಉರಿಗಾಂ, ಚಾಂಪಿಯನ್, ಮಾರಿಕುಪ್ಪಂ ಎಲ್ಲೇ ಹೋದರೂ, ಕಾರ್ಮಿಕರು ಬದುಕಿದ್ದು ‘ಲೈನು’ ಮನೆಗಳಲ್ಲಿ. ಒಂದರ ಗೋಡೆಗೆ ಇನ್ನೊಂದು ಅಂಟಿಕೊಂಡ ಸಾಲು ಮನೆಗಳು. 2001ರ ಫೆಬ್ರವರಿ 28ರಂದು ಗಣಿ ಮುಚ್ಚಿತು. ಲೈನುಗಳು ಉಳಿದವು, ಜನ ಉಳಿದರು. ಒಂದು ಮನೆಯಲ್ಲಿ ತಮಿಳು, ಪಕ್ಕದಲ್ಲಿ ತೆಲುಗು, ಅದರಾಚೆ ನಮ್ಮ ದಖನಿ ಉರ್ದು. ಕನ್ನಡ ಶಾಲೆಯಿಂದ, ಕಚೇರಿಯಿಂದ, ಸುತ್ತಲ ಹಳ್ಳಿಗಳಿಂದ ಬರುತ್ತಿತ್ತು. ನಾವು ಉರ್ದುವನ್ನೂ ಕನ್ನಡವನ್ನೂ ಶಾಲೆಯಲ್ಲಿ ಓದಿದೆವು. ತಮಿಳನ್ನು ಯಾವ ಶಾಲೆಯೂ ನಮಗೆ ಕಲಿಸಲಿಲ್ಲ. ಅದನ್ನು ಕಲಿತದ್ದು ಪಕ್ಕದ ಮನೆಯ ಟಿವಿಯ ಮುಂದೆ, ಆ ಮನೆಯ ಪಾಟಿ ಒಂದೊಂದು ದೃಶ್ಯಕ್ಕೂ ಕೊಡುತ್ತಿದ್ದ ವ್ಯಾಖ್ಯಾನದಿಂದ. ಅವರ ಮಕ್ಕಳು ಶುಕ್ರವಾರದ ಹಿಂದಿ ಸಿನಿಮಾ ನೋಡಲು ನಮ್ಮ ಮನೆಗೆ ಬಂದು, ಅರ್ಥವಾಗದ್ದನ್ನು ನಮ್ಮ ಅಮ್ಮಿಯನ್ನು ಕೇಳಿ ತಿಳಿದು, ದಖನಿ ಮಾತಾಡಲು ಕಲಿತರು. ಭಾವೈಕ್ಯದ ಬಗ್ಗೆ ಆಮೇಲೆ ನಾವು ಎಷ್ಟೋ ಭಾಷಣ ಕೇಳಿದ್ದೇವೆ. ಯಾವುದೂ ಆ ಟಿವಿಯಷ್ಟು ಕೆಲಸ ಮಾಡಿದ್ದನ್ನು ಕಾಣೆವು.

ಎಂಬತ್ತರ ದಶಕದಲ್ಲಿ ಮದುವೆಯ ಮರುದಿನವೋ ಹಬ್ಬದ ರಾತ್ರಿಯೋ ಬಣ್ಣದ ಟಿವಿ ಮತ್ತು ವಿಸಿಆರ್ ಬಾಡಿಗೆಗೆ ತರುತ್ತಿದ್ದುದು ನಮ್ಮ ವಯಸ್ಸಿನ ಓದುಗರಿಗೆ ನೆನಪಿರಬಹುದು. ಒಂದು ರಾತ್ರಿಗೆ ಇಷ್ಟು ಎಂದು ಬಾಡಿಗೆ. ಲೈನಿನವರೆಲ್ಲ ಕೈಲಾದಷ್ಟು ಹಾಕುತ್ತಿದ್ದರು. ಬೆಳಗಿನ ಜಾವದವರೆಗೆ ಮೂರು ಸಿನಿಮಾ. ಒಂದು ತಮಿಳು, ಒಂದು ಹಿಂದಿ, ಒಂದು ಅಣ್ಣಾವ್ರದ್ದು. ಚಾಪೆಯ ಮೇಲೆ ಎಷ್ಟು ಜನ ಕೂತಿದ್ದಾರೆ ಎಂದು ಬಾಡಿಗೆಯವನು ಎಣಿಸಲಿಲ್ಲ. ಗಡಿಯಾಚೆ ತಮಿಳುನಾಡು ಸರಕಾರ 2006ರಿಂದ ಉಚಿತ ಬಣ್ಣದ ಟಿವಿ ಹಂಚಿದಾಗಲೂ ಲೆಕ್ಕ ಹಿಡಿದದ್ದು ಮನೆಯನ್ನು, ತಲೆಗಳನ್ನಲ್ಲ. ಆ ಯೋಜನೆಯ ರಾಜಕೀಯವನ್ನು ಟೀಕಿಸಿದವರು ಬಹಳ. ಆದರೆ ಟಿವಿ ಎಂದರೆ ಒಂದು ಕುಟುಂಬದ ಸಾಮಾನು ಎಂಬ ತಿಳಿವಳಿಕೆಯಾದರೂ ಅದರಲ್ಲಿತ್ತು.

ಈಗ ನಮ್ಮೂರಿನ ಹೆಸರನ್ನೇ ತೆಗೆದುಕೊಳ್ಳಿ. ‘ಕೆಜಿಎಫ್’ ಸಿನಿಮಾದ ಮೊದಲ ಭಾಗ 2018ರ ಡಿಸೆಂಬರ್ 21ರಂದು, ಎರಡನೆಯದು 2022ರ ಏಪ್ರಿಲ್ 14ರಂದು ತೆರೆಗೆ ಬಂತು. ಕತೆಯ ಗಣಿ ‘ನರಾಚಿ’ ಎಂಬ ಕಲ್ಪನೆಯ ಊರು. ಚಿತ್ರೀಕರಣಕ್ಕೆ ಮಾತ್ರ ನಮ್ಮ ಸೈನೈಡ್ ದಿಬ್ಬಗಳು ಬೇಕಾದವು. ಗಾಳಿ ಬೀಸಿದರೆ ಮನೆಯೊಳಗೆ, ಅನ್ನದ ತಟ್ಟೆಯೊಳಗೆ ದೂಳು ಸುರಿಸುವ ಆ ದಿಬ್ಬಗಳು ಜಗತ್ತಿಗೆ ಸುಂದರವಾಗಿ ಕಂಡವು. ಇರಲಿ, ಸಿನಿಮಾ ಮಾಡಿದವರ ಮೇಲೆ ನಮಗೆ ಸಿಟ್ಟಿಲ್ಲ. ಕನ್ನಡದ ಒಂದು ಚಿತ್ರ ದೇಶವೆಲ್ಲ ಓಡಿತೆಂದು ಲೈನಿನ ಹುಡುಗರು ಕುಣಿದಾಗ ನಾವೂ ಸಂತೋಷಪಟ್ಟೆವು. ಅದು ಮನೆಗೆ ಬಂದ ಬಗೆ ನೋಡಿ. 2022ರ ಮೇ 16ರಿಂದ ಪ್ರೈಮ್ ವಿಡಿಯೋದಲ್ಲಿ ಎರಡನೆಯ ಭಾಗವನ್ನು 199 ರೂಪಾಯಿ ಬಾಡಿಗೆಗೆ ಇಟ್ಟರು. ವರ್ಷದ ಚಂದಾ ಕಟ್ಟಿದವರೂ ಆ ಹಣ ಬೇರೆ ಕೊಡಬೇಕಿತ್ತು. ಚಂದಾದಾರರಿಗೆ ಅದು ಹಾಗೇ ಸಿಕ್ಕಿದ್ದು ಜೂನ್ 3ರಿಂದ. ಆ ಎರಡು ವಾರಗಳಲ್ಲಿ ನಮ್ಮ ಸುತ್ತಮುತ್ತ ಆದದ್ದು ಹಳೆಯ ವಿಸಿಆರ್ ಕತೆಯೇ: ನಾಲ್ಕು ಮನೆಯವರು ಐವತ್ತೈವತ್ತು ಹಾಕಿ, ಯಾರದೋ ಲ್ಯಾಪ್‌ಟಾಪನ್ನು ಯಾರದೋ ಟಿವಿಗೆ ಜೋಡಿಸಿ, ಇಪ್ಪತ್ತು ಜನ ಕೂತು ನೋಡಿದ್ದು. ಸಿನಿಮಾ ನಮ್ಮ ಊರಿನದಲ್ಲವೆಂದು ಹಿರಿಯರು ಗೊಣಗಿದರು. ಗಣಿಯೊಳಗೆ ಇಳಿದವರಿಗೆ ನಾಯಕನ ಸುತ್ತಿಗೆಯ ತೂಕದ ಬಗ್ಗೆ ಅನುಮಾನಗಳಿದ್ದವು. ಕತ್ತಲೆ ಹೇಗಿರುತ್ತದೆ, ಬಂಡೆ ಸಿಡಿದರೆ ಏನಾಗುತ್ತದೆ ಎಂಬ ಮಾತು ಆ ರಾತ್ರಿ ಸಿನಿಮಾ ಮುಗಿದ ಮೇಲೂ ನಡೆಯಿತು. ಮೊಮ್ಮಕ್ಕಳು ಅದನ್ನು ಕೇಳಿದ್ದು ಅದೇ ಮೊದಲು. ಇಪ್ಪತ್ತು ಫೋನುಗಳಲ್ಲಿ ಇಪ್ಪತ್ತು ಜನ ಬೇರೆ ಬೇರೆ ನೋಡಿದ್ದರೆ ಈ ಮಾತಿಗೆ ಬಾಯಿ ಎಲ್ಲಿಂದ ಬರುತ್ತಿತ್ತು?

ಇನ್ನು ಆ ಕೇಬಲ್ಲಿನ ವಿಷಯ. ಗೊತ್ತಿಲ್ಲದ ಓದುಗರಿಗಾಗಿ ಎರಡು ಮಾತು ಹೇಳಿಬಿಡುತ್ತೇವೆ. ಕೇಬಲ್ಲಿನ ಒಂದು ತುದಿ ಲ್ಯಾಪ್‌ಟಾಪಿಗೆ, ಇನ್ನೊಂದು ಟಿವಿಯ ಹಿಂದೆ. ಟಿವಿಯ ರಿಮೋಟಿನಲ್ಲಿ ಆ ಎಚ್‌ಡಿಎಂಐ ದಾರಿಯನ್ನು ಆರಿಸಬೇಕು. ವಿಂಡೋಸ್ ಇರುವ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಗುಂಡಿಯೊಂದಿಗೆ ‘ಪಿ’ ಒತ್ತಿದರೆ ಚಿತ್ರ ಯಾವ ಪರದೆಗೆ ಹೋಗಬೇಕೆಂದು ಕೇಳುತ್ತದೆ. ಚಿತ್ರ ಬಂದು ಧ್ವನಿ ಬಾರದಿದ್ದರೆ ಧ್ವನಿಯ ಗುರುತನ್ನು ಒತ್ತಿ ಟಿವಿಯ ಹೆಸರು ಆರಿಸಬೇಕು. ಇಷ್ಟೇ. ಹತ್ತನೇ ತರಗತಿಯ ಹುಡುಗಿ ಮಾಡುತ್ತಾಳೆ.

ಆದರೆ ಕೇಬಲ್ಲಿನೊಳಗೆ ಒಬ್ಬ ಕಾವಲುಗಾರ ಕೂತಿದ್ದಾನೆ. ಎಚ್‌ಡಿಸಿಪಿ ಎಂಬ ಬೀಗ. ಚಿತ್ರ ಕಳಿಸುವ ಮೊದಲು ಕಂಪ್ಯೂಟರು ಟಿವಿಯನ್ನು ‘ನೀನು ಯಾರು, ನಿನ್ನ ಕೀಲಿ ತೋರಿಸು’ ಎಂದು ಕೇಳುತ್ತದೆ. ಟಿವಿ ಹೊಸದಾದರೆ ಉತ್ತರಿಸುತ್ತದೆ. ಹಳೆಯ ಡಬ್ಬಾ ಟಿವಿಗೆ ಎಚ್‌ಡಿಎಂಐ ತೂತೇ ಇಲ್ಲ. ನಡುವೆ ಒಂದು ಸಣ್ಣ ಪರಿವರ್ತಕ ಹಾಕಿ ಕೆಂಪು, ಬಿಳಿ, ಹಳದಿ ವೈರಿನಲ್ಲಿ ಜೋಡಿಸಬೇಕು. ಪರಿವರ್ತಕದ ಬಳಿ ಆ ಕೀಲಿಯಿಲ್ಲದಿದ್ದರೆ ಪರದೆ ಕಪ್ಪಾಗುತ್ತದೆ. ಮಾತು ಕೇಳುತ್ತದೆ, ಮುಖ ಕಾಣುವುದಿಲ್ಲ. ನಮ್ಮ ಮನೆಯಲ್ಲೂ ಹೀಗಾಯಿತು. ಹಣ ಕಟ್ಟಿದ ಒಂದು ಆಪ್ ನಮ್ಮ ಹದಿನೈದು ವರ್ಷದ ಟಿವಿಗೆ ಬರೀ ಆಕಾಶವಾಣಿಯಾಯಿತು. ಕೆಲವು ಆಪ್‌ಗಳಂತೂ ಕಂಪ್ಯೂಟರಿನ ಬ್ರೌಸರಿನಲ್ಲಿ ನೋಡಿದರೆ ಪೂರ್ತಿ ಹಣ ಕೊಟ್ಟವರಿಗೂ ಚಿತ್ರದ ಸ್ಪಷ್ಟತೆಯನ್ನು ಇಳಿಸಿಯೇ ಕೊಡುತ್ತವೆ.

ಇದೆಲ್ಲ ಕಳ್ಳಪ್ರತಿ ತಡೆಯಲು ಎನ್ನುತ್ತಾರೆ. ತಡೆದಿದ್ದಾರೆಯೇ? ಸಿನಿಮಾ ಬಿಡುಗಡೆಯಾದ ದಿನವೇ ಅದರ ಕಳ್ಳಪ್ರತಿ ಫೋನಿಂದ ಫೋನಿಗೆ ಹರಿದಾಡುವುದನ್ನು ಎಲ್ಲರೂ ಕಂಡಿದ್ದಾರೆ. ಕಳ್ಳನಿಗೆ ಯಾವ ಬೀಗವೂ ಅಡ್ಡಿಯಾಗಿಲ್ಲ. ಬೀಗ ಬಿದ್ದದ್ದು ಹಣ ಕೊಟ್ಟು ಹಳೆಯ ಟಿವಿಯ ಮುಂದೆ ಕೂತ ಮರ್ಯಾದಸ್ಥನಿಗೆ. ಕದ್ದ ಪ್ರತಿ ಯಾವ ಟಿವಿಯಲ್ಲೂ ಓಡುತ್ತದೆ, ಕೊಂಡದ್ದು ಓಡುವುದಿಲ್ಲ. ಇದಕ್ಕಿಂತ ಚೆನ್ನಾಗಿ ಕಳ್ಳತನಕ್ಕೆ ಪ್ರೋತ್ಸಾಹ ಕೊಡುವುದು ಹೇಗೆಂದು ನಮಗೆ ಗೊತ್ತಿಲ್ಲ.

ಈಗ ನಮ್ಮವರ ಕಡೆಗೆ ತಿರುಗಬೇಕು. ಟಿವಿಯನ್ನು ಸೈತಾನನ ಡಬ್ಬಿ ಎಂದು ಕರೆದು ಮನೆಯೊಳಗೆ ಬಿಡದ ಹಿರಿಯರು ನಮ್ಮ ಮೊಹಲ್ಲಾಗಳಲ್ಲಿ ಇದ್ದರು, ಇಂದಿಗೂ ಇದ್ದಾರೆ. ಅವರ ಕಾಳಜಿಯನ್ನು ನಾವು ಹೀಯಾಳಿಸುವುದಿಲ್ಲ. ಮಕ್ಕಳ ಕಣ್ಣಿಗೆ ಏನು ಬೀಳುತ್ತದೆ ಎಂಬ ಚಿಂತೆ ಯಾವ ತಂದೆತಾಯಿಗೂ ತಪ್ಪಿದ್ದಲ್ಲ. ಆದರೆ ಲೆಕ್ಕ ಏನಾಯಿತು ನೋಡಿ. ನಡುಮನೆಗೆ ಡಬ್ಬಿ ಬೇಡವೆಂದವರ ಮನೆಯಲ್ಲೇ ಈಗ ಪ್ರತಿಯೊಬ್ಬರ ದಿಂಬಿನ ಕೆಳಗೂ ಒಂದೊಂದು ಡಬ್ಬಿ ಇದೆ. ಎಲ್ಲರ ಎದುರು ಇರುವ ಟಿವಿಯಲ್ಲಿ ಅಸಹ್ಯ ಬಂದರೆ ಅಬ್ಬಾ ಕೆಮ್ಮುತ್ತಾರೆ, ಅಮ್ಮಿ ರಿಮೋಟ್ ಹುಡುಕುತ್ತಾರೆ, ಮಕ್ಕಳು ತಲೆ ತಗ್ಗಿಸುತ್ತಾರೆ. ನಾಚಿಕೆ, ಮರ್ಯಾದೆ, ನಗು, ಜಗಳ ಎಲ್ಲವೂ ಅಲ್ಲಿ ಇರುತ್ತದೆ. ಹೊದಿಕೆಯೊಳಗಿನ ಫೋನಿಗೆ ಯಾರು ಕೆಮ್ಮಬೇಕು? ಮಕ್ಕಳ ಚಿಂತೆ ನಿಜವಾದರೆ ಆ ಹಿರಿಯರು ಕೇಬಲ್ಲಿನ ಪರವಾಗಿ ನಮ್ಮೊಂದಿಗೆ ನಿಲ್ಲಬೇಕು.

ಈ ಮಾತಿಗೆ ನಮ್ಮ ಹೆಣ್ಣುಮಕ್ಕಳಿಂದ ಬರುವ ಉತ್ತರವೂ ಇದೆ. ಅದನ್ನು ಮುಚ್ಚಿಡುವುದು ನ್ಯಾಯವಲ್ಲ. ನಡುಮನೆಯ ಟಿವಿಯ ರಿಮೋಟ್ ಯಾವಾಗಲೂ ಯಾರ ಕೈಯಲ್ಲಿತ್ತು? ಗಂಡಸರು ಕ್ರಿಕೆಟ್ ಮುಗಿಸಿ, ಸುದ್ದಿ ಮುಗಿಸಿ, ಗೊರಕೆ ಹೊಡೆದ ಮೇಲೆ ಹೆಂಗಸರ ಸರದಿ. ಪಾತ್ರೆ ತೊಳೆದು ಬರುವ ಹೊತ್ತಿಗೆ ಧಾರಾವಾಹಿ ಮುಗಿದಿರುತ್ತಿತ್ತು. ನಮ್ಮ ಖಾಲಾ ಒಬ್ಬರು ತಮ್ಮ ಜೀವನದಲ್ಲಿ ತಾವೇ ಆರಿಸಿದ ಸಿನಿಮಾವನ್ನು ಮೊದಲ ಬಾರಿ ನೋಡಿದ್ದು ಅರುವತ್ತರ ಮೇಲೆ, ಫೋನಿನಲ್ಲಿ. ಅವರಿಂದ ಆ ಫೋನು ಕಸಿದುಕೊಳ್ಳಿ ಎಂದು ನಾವು ಹೇಳುವುದಿಲ್ಲ. ಬಂಗಾರಪೇಟೆಯ ದಾರಿಯಾಗಿ ದಿನವೂ ಬೆಂಗಳೂರಿಗೆ ರೈಲಿನಲ್ಲಿ ಹೋಗಿ ಬರುವ ಹುಡುಗ ಹುಡುಗಿಯರಿಗೂ ಆ ಎರಡೆರಡು ಗಂಟೆ ಕಳೆಯಲು ಫೋನೇ ಗತಿ. ಒಬ್ಬರೇ ನೋಡುವ ಸ್ವಾತಂತ್ರ್ಯ ಇರಲಿ. ಅದೇ ಖಾಲಾ ಭಾನುವಾರ ತಮ್ಮ ಆಯ್ಕೆಯ ಸಿನಿಮಾವನ್ನು ಎಲ್ಲರಿಗೂ ಟಿವಿಯಲ್ಲಿ ತೋರಿಸಬೇಕೆಂದರೆ, ಆಗಲೇ ಕಟ್ಟಿದ ಹಣದಲ್ಲಿ ಅದು ಆಗಬೇಕು. ಗಂಡಸರ ಯಜಮಾನಿಕೆಯಿಂದ ಬಿಡಿಸಿಕೊಂಡವರ ತಲೆಯ ಮೇಲೆ ಕಂಪನಿಯ ಯಜಮಾನಿಕೆ ಏಕೆ?

ಕನ್ನಡದ ಪಾಲಂತೂ ಇಲ್ಲಿ ಇನ್ನೂ ಕಿರಿದು. ರಕ್ಷಿತ್ ಶೆಟ್ಟಿಯವರ ಪರಂವಃ ಸ್ಟುಡಿಯೋಸ್ ‘ಏಕಂ’ ಎಂಬ ಏಳು ಕತೆಗಳ ಕನ್ನಡ ಸರಣಿಯನ್ನು ಮಾಡಿ ಮುಗಿಸಿ ಕಾದಿತು. ಕೊಳ್ಳುವ ದೊಡ್ಡ ಓಟಿಟಿ ಸಿಗಲಿಲ್ಲ. ಕಡೆಗೆ 2024ರ ಜುಲೈಯಲ್ಲಿ ಅವರು ಅದನ್ನು ತಮ್ಮದೇ ಜಾಲತಾಣದಲ್ಲಿ ಬಿಡುಗಡೆ ಮಾಡಿದರು. ಜಾಲತಾಣವೆಂದರೆ ಕಂಪ್ಯೂಟರಿನಲ್ಲಿ ತೆರೆಯುವ ವಸ್ತು. ರಿಮೋಟಿನಲ್ಲಿ ಆ ಕಂಪನಿಗಳಿಗೆಲ್ಲ ಒಂದೊಂದು ಗುಂಡಿ ಇದೆ, ‘ಏಕಂ’ಗೆ ಎಲ್ಲಿಂದ ಬರಬೇಕು? ಕರಾವಳಿಯ ಆ ಕತೆಗಳು ನಮ್ಮ ನಡುಮನೆಗೆ ಬಂದದ್ದು ಕೇಬಲ್ಲಿನ ದಾರಿಯಿಂದ. ದೊಡ್ಡ ಅಂಗಡಿಗಳು ಬಾಗಿಲು ಮುಚ್ಚಿದಾಗ ಸಣ್ಣ ಭಾಷೆಗಳಿಗೆ ಉಳಿಯುವ ಹಿತ್ತಿಲ ಬಾಗಿಲು ಇದು.

ಕನ್ನಡದಲ್ಲಿ ಡಬ್ಬಿಂಗ್ ಬೇಡವೆಂದು ನಮ್ಮ ಚಿತ್ರೋದ್ಯಮ ದಶಕಗಳ ಕಾಲ ಹಾಕಿದ್ದ ಗೋಡೆಯ ಪಾಲೂ ಇದರಲ್ಲಿದೆ. ಕನ್ನಡ ಗ್ರಾಹಕರ ಕೂಟದವರು ದೂರು ಕೊಟ್ಟು, ಭಾರತೀಯ ಸ್ಪರ್ಧಾ ಆಯೋಗ 2015ರಲ್ಲಿ ಆ ಅಡ್ಡಿಯ ವಿರುದ್ಧ ಆದೇಶ ಕೊಡುವ ಹೊತ್ತಿಗೆ, ಉರಿಗಾಂನಂಥ ಊರುಗಳ ಮಕ್ಕಳು ಜಗತ್ತಿನ ಸಿನಿಮಾವನ್ನು ತಮಿಳಿನಲ್ಲೋ ಹಿಂದಿಯಲ್ಲೋ ನೋಡುವುದು ರೂಢಿಯಾಗಿತ್ತು. ಮನೆಮಂದಿಯೆಲ್ಲ ಕೂತು ನೋಡುವಾಗ ಒಂದು ಭಾಷೆಯನ್ನು ಒಪ್ಪಿಕೊಳ್ಳಬೇಕಾಗುತ್ತದೆ. ಆ ಪಟ್ಟಿಯಲ್ಲಿ ಕನ್ನಡವಿದ್ದರೆ ಕನ್ನಡ ಶಾಲೆಗೆ ಹೋಗುವ ಮಗು ಅದನ್ನು ಒತ್ತಿ, ಅಜ್ಜಿಗೆ ಅರ್ಥ ಹೇಳುತ್ತದೆ. ಫೋನಿನಲ್ಲಾದರೆ ಅಜ್ಜಿ ಉರ್ದು, ಮಗು ಕನ್ನಡ, ಒಬ್ಬರ ಭಾಷೆ ಇನ್ನೊಬ್ಬರ ಕಿವಿಗೆ ಬೀಳುವುದೇ ಇಲ್ಲ.

ಇದನ್ನು ಕೇಳುವವರು ಯಾರು? ಕೇಬಲ್ ಟಿವಿಗೆ ಒಬ್ಬ ಕೇಳುವವನಿದ್ದ. ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ 2020ರ ಜನವರಿಯಲ್ಲಿ, ಒಂದೇ ಮನೆಯ ಎರಡನೆಯ ಟಿವಿಗೆ ಸಂಪರ್ಕ ಶುಲ್ಕವನ್ನು ಮೊದಲ ಟಿವಿಯ ಶೇಕಡಾ 40ಕ್ಕಿಂತ ಹೆಚ್ಚು ಹಾಕಬಾರದು ಎಂದಿತು. ಮನೆ ಒಂದೇ ತಾನೇ ಎಂಬ ನ್ಯಾಯ ಅದರ ಹಿಂದಿತ್ತು. 2024ರಲ್ಲಿ ಆ ಶುಲ್ಕದ ಮಿತಿಯನ್ನೇ ತೆಗೆದು ಮಾರುಕಟ್ಟೆಗೆ ಬಿಟ್ಟಿತು. ಓಟಿಟಿಗಳಿಗೆ ಟ್ರಾಯ್ ಇಂಥ ಮಿತಿಯನ್ನು ಯಾವತ್ತೂ ಹಾಕಿದ್ದಿಲ್ಲ. ಕೇಂದ್ರ ಸರಕಾರ 2021ರಲ್ಲಿ ಅವಕ್ಕೆ ನಿಯಮ ಮಾಡಿತು. ಯಾವ ವಯಸ್ಸಿನವರು ಏನು ನೋಡಬೇಕು, ದೂರು ಎಲ್ಲಿ ಕೊಡಬೇಕು ಎಂಬುದೆಲ್ಲ ಅದರಲ್ಲಿ ಬಂತು. ಹಣ ಕೊಟ್ಟವರು ಯಾವ ಪರದೆಯಲ್ಲಿ ನೋಡಬಹುದು ಎಂಬುದು ಬರಲಿಲ್ಲ.

ಕರ್ನಾಟಕ ಸರಕಾರಕ್ಕೆ ಈ ಕಂಪನಿಗಳ ಗುರುತು ಇಲ್ಲದಿಲ್ಲ. ಸಿನಿಮಾ ಮತ್ತು ಸಾಂಸ್ಕೃತಿಕ ಕಲಾವಿದರ ಕ್ಷೇಮಕ್ಕೆಂದು 2024ರಲ್ಲಿ ತಂದ ಕಾನೂನಿನಲ್ಲಿ ಓಟಿಟಿ ಚಂದಾದ ಮೇಲೂ ಶೇಕಡಾ 2ರವರೆಗೆ ಸೆಸ್ ಹಾಕಲು ಅವಕಾಶ ಮಾಡಿಕೊಂಡಿತು. ಒಳ್ಳೆಯದೇ, ಕಲಾವಿದರಿಗೆ ಸಿಗಲಿ. ಸೆಸ್ ಕೇಳುವ ಸರಕಾರ ಕಂಪನಿಗಳನ್ನು ಎದುರು ಕೂರಿಸಿಕೊಂಡು ‘ಒಂದು ಚಂದಾ ಎಂದರೆ ಒಂದು ಮನೆ, ಆ ಮನೆಯವರು ಯಾವ ಪರದೆಯಲ್ಲಾದರೂ ನೋಡಿಕೊಳ್ಳಲಿ’ ಎಂಬ ಮಾತನ್ನೂ ಕೇಳಬಹುದಿತ್ತು. ಅಗ್ಗದ ಯೋಜನೆಯಲ್ಲಿ ಚಿತ್ರ ಮಸುಕಾಗಿರಲಿ, ಒಂದು ಹೊತ್ತಿಗೆ ಒಂದೇ ಪರದೆಯಿರಲಿ, ನಮಗೆ ಒಪ್ಪಿಗೆ. ಟಿವಿಗೆ ಬಾಗಿಲು ಹಾಕುವುದು ಮಾತ್ರ ಬೇಡ.

1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರು ದೂರ ತಂತಿ ಎಳೆದು ನಮ್ಮ ಗಣಿಗಳಿಗೆ ವಿದ್ಯುತ್ ತಂದರು. ಬೆಂಗಳೂರಿನ ಬೀದಿದೀಪಗಳಿಗೆ ಅದು ತಲುಪಿದ್ದು ಮೂರು ವರ್ಷ ತಡವಾಗಿ, 1905ರಲ್ಲಿ. ಆದರೆ ಆ ತಂತಿ ಬಂದದ್ದು ಗಣಿಯ ಯಂತ್ರಗಳನ್ನು ಓಡಿಸಲು, ಲೈನು ಮನೆಗಳನ್ನು ಬೆಳಗಲು ಅಲ್ಲ. ಅಷ್ಟು ದೂರದಿಂದ ಬಂದ ತಂತಿ ಮನೆಯ ಬಾಗಿಲಿನ ಹತ್ತಿರ ಹೇಗೆ ನಿಂತುಬಿಡುತ್ತದೆ ಎನ್ನುವುದನ್ನು ಈ ಊರಿನವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ.

2025ರ ಮಾರ್ಚಿನ ಬಜೆಟ್ಟಿನಲ್ಲಿ ಕನ್ನಡ ಸಿನಿಮಾಗಳಿಗಾಗಿ ಸರಕಾರದ್ದೇ ಓಟಿಟಿ ಮಾಡುವುದಾಗಿ ಮುಖ್ಯಮಂತ್ರಿ ಸಿದ್ದರಾಮಯ್ಯನವರು ಘೋಷಿಸಿದರು. ಅದಕ್ಕೆ ಒಂದು ವರ್ಷ ಮೊದಲೇ, 2024ರ ಮಾರ್ಚಿನಲ್ಲಿ, ಕೇರಳ ಸರಕಾರ ತನ್ನ ‘ಸಿ ಸ್ಪೇಸ್’ ತೆರೆದಿತ್ತು. ಸರಕಾರದ ಓಟಿಟಿಯ ಸಮಿತಿಗಳಲ್ಲಿ ನಿರ್ದೇಶಕರಿರುತ್ತಾರೆ, ನಿರ್ಮಾಪಕರಿರುತ್ತಾರೆ, ಸಾಹಿತಿಗಳಿಗೂ ಒಂದು ಕುರ್ಚಿ ಇರುತ್ತದೆ. ಅವರೆಲ್ಲ ಯಾವ ಸಿನಿಮಾ ಹಾಕಬೇಕೆಂದು ಜಗಳವಾಡುವ ಮೊದಲು ಒಂದು ಕೆಲಸ ಮಾಡಲಿ. ಮೊಬೈಲಿಗೊಂದು ದರ, ಟಿವಿಗೊಂದು ದರ ಎಂಬ ಸಾಲನ್ನು ದರಪಟ್ಟಿಯಿಂದ ಹೊಡೆದು ಹಾಕಲಿ. ಆಮೇಲೆ ಒಂದು ಸಾಧಾರಣ ಲ್ಯಾಪ್‌ಟಾಪು, ಒಂದು ಕೇಬಲ್ಲು, ಒಂದು ಪರಿವರ್ತಕ ತೆಗೆದುಕೊಂಡು ಹಳೆಯ ಡಬ್ಬಾ ಟಿವಿಯಲ್ಲಿ ಚಿತ್ರ ಮೂಡುತ್ತದೆಯೇ ಎಂದು ಪರೀಕ್ಷಿಸಲಿ. ಪರೀಕ್ಷೆಗೆ ಟಿವಿ ಸಿಗದಿದ್ದರೆ ಉರಿಗಾಂಗೆ ಬರಲಿ. ನಮ್ಮ ಮನೆಯದೇ ಒಂದಿದೆ, ಪಕ್ಕದ ಮನೆಯವರೂ ಕೊಡುತ್ತಾರೆ.